ಸಮ್ಮೋಹನ ಚಿಕಿತ್ಸೆ ಇಸ್ಲಾಮಿನಲ್ಲಿ ಸಮ್ಮತವೇ?

ತಂದೆಯವರು ತೀರಿಕೊಂಡ ದಿನ ನಮ್ಮ ತಂಗಿಗೆ ಮನೆಗೆ ಬರಲಾಗಲಿಲ್ಲ. ಆಕೆಯ ಗಂಡನ ಮನೆಯಿಂದ ನಮ್ಮೂರಿಗೆ ಎರಡು ಗಂಟೆಯ ದಾರಿ. ಕಾರು ಬಾಗಿಲಲ್ಲೇ ನಿಂತಿತ್ತು. ಒಳಗೆ ಕೂತೊಡನೆ ಮೈ ನಡುಗಿ, ಉಸಿರು ಕಟ್ಟಿ, ಕೆಳಗಿಳಿದವಳು ಅಂಗಳದಲ್ಲೇ ಕುಸಿದಳು. ಎರಡು ವರ್ಷಗಳ ಹಿಂದೆ ಘಟ್ಟದ ತಿರುವಿನಲ್ಲಿ ನಡೆದ ಬಸ್ ಅಪಘಾತದಿಂದ ಆಕೆ ಪಾರಾಗಿದ್ದಳು; ಆದರೆ ಅಂದಿನ ಭಯ ಆಕೆಯನ್ನು ಬಿಟ್ಟಿರಲಿಲ್ಲ.

ಇದು ಜಿನ್ನ್ ಬಾಧೆಯೆಂದು ಬಂಧುಗಳಲ್ಲಿ ಕೆಲವರು ಹೇಳಿದ್ದರು. ತಾಯಿಯ ಹೆಸರು ಕೇಳಿ ಕಾಣದ ಸಂಗತಿಗಳನ್ನು ಹೇಳುವ ಒಬ್ಬನ ಬಳಿಗೆ ಆಕೆಯನ್ನು ಕರೆದೊಯ್ದು ನೂಲು ಕಟ್ಟಿಸಿದ್ದರು. ಆಗ ಅದು ಹಲಾಲೋ ಹರಾಮೋ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ತಂದೆಯವರ ಮರಣದ ಬಳಿಕ ಮನೋವೈದ್ಯರೊಬ್ಬರು ಇತರ ಚಿಕಿತ್ಸೆಯೊಂದಿಗೆ ಸಮ್ಮೋಹನವನ್ನೂ, ಅಂದರೆ ಹಿಪ್ನೋಥೆರಪಿಯನ್ನೂ ಸೂಚಿಸಿದಾಗ ಮಾತ್ರ ಎಲ್ಲರಿಗೂ ಧರ್ಮದ ನೆನಪಾಯಿತು. ತಂಗಿ ಫೋನಿನಲ್ಲಿ ಅಳುತ್ತಾ ಹೇಳಿದಳು: “ಅಣ್ಣಾ, ಗುಣವಾಗದಿದ್ದರೂ ಸರಿ, ನನ್ನ ಈಮಾನಿಗೆ ಧಕ್ಕೆಯಾಗಬಾರದು.”

ಆ ಮಾತು ನಮ್ಮನ್ನು ಓದಲು, ವಿಚಾರಿಸಲು ಹಚ್ಚಿತು.

ಈ ವಿಷಯದಲ್ಲಿ ವಿದ್ವಾಂಸರು ಒಂದೇ ಅಭಿಪ್ರಾಯದವರಲ್ಲ. ಸಮ್ಮೋಹನವು ಜಿನ್ನ್‌ಗಳ ನೆರವಿನಿಂದ ನಡೆಯುವ ಒಂದು ಬಗೆಯ ಕಣಿವಿದ್ಯೆಯೆಂದು ಸೌದಿ ಅರೇಬಿಯಾದ ವಿದ್ವಾಂಸರ ಸ್ಥಾಯಿ ಸಮಿತಿಯು ಅದನ್ನು ನಿಷೇಧಿಸಿದೆ. ಅದನ್ನು ಮನಸ್ಸಿನ ಏಕಾಗ್ರತೆಯನ್ನು ಬಳಸುವ ವೈದ್ಯಕೀಯ ವಿಧಾನವೆಂದು ಕಂಡ ವಿದ್ವಾಂಸರು ಕೆಲವು ಶರತ್ತುಗಳೊಂದಿಗೆ ಅನುಮತಿಸಿದ್ದಾರೆ. ಹಾಗಾದರೆ ಆ ಕೋಣೆಯೊಳಗೆ ನಿಜವಾಗಿ ನಡೆಯುವುದೇನು ಎಂಬುದನ್ನು ಅರಿಯದೆ ತೀರ್ಮಾನಿಸಲಾಗದು.

18ನೇ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯನು ತನ್ನಲ್ಲಿ ಅದೃಶ್ಯ ಕಾಂತಶಕ್ತಿಯಿದೆ ಎಂದಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ವಿಜ್ಞಾನಿಗಳ ಆಯೋಗ ಆ ವಾದವನ್ನು ತಳ್ಳಿಹಾಕಿತು. ಮುಂದೆ 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯನು ಇದರಲ್ಲಿ ಗೂಢಶಕ್ತಿಯೇನೂ ಇಲ್ಲ, ಗಮನವನ್ನು ಒಂದೆಡೆ ನಿಲ್ಲಿಸಿದಾಗ ಉಂಟಾಗುವ ಸ್ಥಿತಿಯಿದು ಎಂದು ವಿವರಿಸಿ ಅದನ್ನು ಹಿಪ್ನಾಟಿಸಂ ಎಂದು ಕರೆದನು. 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಇದನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿತು. ಇದು ನಿದ್ದೆಯಲ್ಲ, ಪ್ರಜ್ಞಾಹೀನತೆಯೂ ಅಲ್ಲ.

ನಮಗೆ ದಾರಿ ತೋರಿದ್ದು ಸಹೀಹ್ ಮುಸ್ಲಿಮ್‌ನ ಒಂದು ಹದೀಸ್. ಅಜ್ಞಾನಕಾಲದಲ್ಲಿ ತಾವು ಮಾಡುತ್ತಿದ್ದ ಮಂತ್ರಿಸುವಿಕೆಯ ಕುರಿತು ಔಫ್ ಬಿನ್ ಮಾಲಿಕ್(ರ) ಮತ್ತಿತರರು ವಿಚಾರಿಸಿದಾಗ ಪ್ರವಾದಿವರ್ಯರು(ಸ) ಒಮ್ಮೆಗೇ ನಿಷೇಧಿಸಲಿಲ್ಲ. ಅದನ್ನು ತಮ್ಮ ಮುಂದಿಡುವಂತೆ ಹೇಳಿ, ಶಿರ್ಕ್ ಇಲ್ಲದಿದ್ದರೆ ದೋಷವಿಲ್ಲವೆಂದರು. ಅದೇ ಗ್ರಂಥದ ಇನ್ನೊಂದು ಹದೀಸ್ ಕಣಿ ಹೇಳುವವನ ಬಳಿ ಹೋಗಿ ವಿಚಾರಿಸಿದವನ 40 ರಾತ್ರಿಗಳ ನಮಾಝ್ ಸ್ವೀಕೃತವಾಗದೆಂದು ಎಚ್ಚರಿಸುತ್ತದೆ. ಅದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಹರಾಮಿನ ಬಾಗಿಲಿಗೆ ಆಕೆಯನ್ನು ಈಗಾಗಲೇ ಕೊಂಡೊಯ್ದವರು ನಮ್ಮವರೇ ಆಗಿದ್ದರು, ನಾವು ಮೌನವಾಗಿದ್ದೆವು.

ಆದ್ದರಿಂದ ನಾವೂ ಚಿಕಿತ್ಸೆಯನ್ನು ಮುಂದಿಟ್ಟು ಪರಿಶೀಲಿಸಿದೆವು. ಅದರಲ್ಲಿ ಮಂತ್ರ, ಜಿನ್ನ್, ಗೂಢಶಕ್ತಿಯ ಪ್ರಸ್ತಾಪವಿದೆಯೇ? ಕೆಲವರು ಮಾಡುವಂತೆ ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತಾರೆಯೇ? ಮರಣಾನಂತರ ಬರ್‌ಝಖ್ ಮತ್ತು ಪುನರುತ್ಥಾನವನ್ನು ನಂಬುವ ನಮಗೆ ಅದು ಸಲ್ಲದು. ಮರೆತದ್ದನ್ನು ಅಗೆದು ತೆಗೆಯುತ್ತಾರೆಯೇ? ಸಮ್ಮೋಹನದಲ್ಲಿ ಸುಳ್ಳು ನೆನಪುಗಳು ಹುಟ್ಟುವ ಅಪಾಯವಿದೆ. ಅದರಿಂದ ನಿರಪರಾಧಿಗಳ ಮೇಲೆ ಆರೋಪ ಬರಬಹುದು. ಚಿಕಿತ್ಸಕರು ತರಬೇತಿ ಪಡೆದವರೇ? ಮಹಿಳೆಯೇ? ಪತಿ ಜೊತೆಯಲ್ಲಿ ಕೂರಬಹುದೇ?

ಚಿಕಿತ್ಸಕಿ ಎಲ್ಲಕ್ಕೂ ನೇರವಾಗಿ ಉತ್ತರಿಸಿದರು. ನಮ್ಮ ಮಸೀದಿಯ ಉಸ್ತಾದರು ಎಲ್ಲವನ್ನೂ ಕೇಳಿ ಸಮ್ಮತಿಸಿದರು. ರೋಗ ಕೊಟ್ಟ ಅಲ್ಲಾಹನು ಔಷಧಿಯನ್ನೂ ಇಟ್ಟಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿವಚನವನ್ನು ನೆನಪಿಸಿ, ಗುಣ ನೀಡುವವನು ಆತನೊಬ್ಬನೇ ಎಂದೂ ಹೇಳಿದರು.

ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡುತ್ತಾ, ತಾನು ಕಾರಿನಲ್ಲಿ ಕೂತಂತೆ ತಂಗಿ ಕಲ್ಪಿಸಿಕೊಂಡಳು. ಬೇಡವೆನಿಸಿದಾಗ ಕಣ್ಣು ತೆರೆಯುವ ಸ್ವಾತಂತ್ರ್ಯ ಆಕೆಗಿತ್ತು. ಬಳಿಕ ನಿಂತ ಕಾರಿನಲ್ಲಿ ಕೂತಳು, ಬೀದಿಯ ತಿರುವಿನವರೆಗೆ ಹೋದಳು, ಪೇಟೆಗೆ ಹೋದಳು. ಎರಡು ಬಾರಿ ಹಿಂದಕ್ಕೆ ಬಂದದ್ದೂ ಉಂಟು. ಯಾವುದರಿಂದ ಎಷ್ಟು ಗುಣವಾಯಿತೆಂದು ಅಳೆಯಲು ನಮಗಾಗದು. ತಾಯಿಯವರ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಮುಗಿಯುವ ಮುನ್ನ ಒಂದು ಸಂಜೆ ಆಕೆ ನಮ್ಮ ಅಂಗಳದಲ್ಲಿ ಕಾರಿನಿಂದಿಳಿದಳು. ದಾರಿಯುದ್ದಕ್ಕೂ ಬೆವರಿ ಆಕೆಯ ದುಪಟ್ಟಾ ಒದ್ದೆಯಾಗಿತ್ತು. ತಾಯಿ ಏನನ್ನೂ ಕೇಳದೆ ತಬ್ಬಿಕೊಂಡರು.

ಸಹೋದರ ಸಹೋದರಿಯರೇ, ಮನಸ್ಸಿನ ನೋವೂ ನೋವೇ. ಅದಕ್ಕೆ ಮದ್ದು ಹುಡುಕುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ಅರಿಯದ ಬಾಗಿಲನ್ನು ತಟ್ಟುವ ಮೊದಲು ಒಳಗೇನಿದೆಯೆಂದು ಕೇಳೋಣ. ಆ ಎಚ್ಚರ ಆಸ್ಪತ್ರೆಯ ಬಾಗಿಲಲ್ಲಿರುವಷ್ಟೇ ನೂಲು ಕಟ್ಟುವವನ ಬಾಗಿಲಲ್ಲೂ ಇರಲಿ. ನಮ್ಮ ಮೌನವನ್ನು ಅಲ್ಲಾಹನು ಕ್ಷಮಿಸಲಿ, ನೊಂದವರೆಲ್ಲರಿಗೂ ಶಿಫಾ ಕರುಣಿಸಲಿ. ಆಮೀನ್.