ಗೋಡೆಗೆ ಖಾಲಿ ಫ್ರೇಮು, ಅಜ್ಜನ ಮನೆಯ ಮುಚ್ಚಿಗೆ

ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬಂದ ಮೂರನೇ ವಾರಕ್ಕೆ ಇಂಟೀರಿಯರ್ ಡಿಸೈನರ್ 42 ಪುಟದ ಪಿಡಿಎಫ್ ಕಳಿಸಿದರು. ಅದರಲ್ಲಿ 11 ಪುಟ ಬರೀ ಲಿವಿಂಗ್ ರೂಮಿನ ಪಟ್ಟಿಗಳದ್ದು. ಸೀಲಿಂಗ್ ಅಂಚಿಗೆ ಪಿಒಪಿ ಕಾರ್ನಿಸ್, ಗೋಡೆಗೆ ಚೌಕ ಚೌಕವಾಗಿ ಮೋಲ್ಡಿಂಗ್, ಟಿವಿ ಹಿಂದೆ ಚಿನ್ನದ ಬಣ್ಣದ ಲೋಹದ ಪಟ್ಟಿ, ನೆಲದಂಚಿಗೆ ಬಿಳಿ ಎಂಡಿಎಫ್ ಸ್ಕರ್ಟಿಂಗ್. ಎಲ್ಲಕ್ಕೂ ರನ್ನಿಂಗ್ ಫೂಟ್ ಲೆಕ್ಕ, ಒಟ್ಟು 1.38 ಲಕ್ಷ. ‘ಸರ್, ಈಗ ಎಲ್ಲರೂ ಇದನ್ನೇ ಮಾಡಿಸ್ತಿರೋದು, ಸೋಮವಾರದೊಳಗೆ ಫೈನಲ್ ಮಾಡಿ’ ಅಂತ ಕೆಳಗೊಂದು ಮೆಸೇಜು.

ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಫೋನಿನಲ್ಲಿ ಅದನ್ನು ಹಿಂದೆ ಮುಂದೆ ಸರಿಸಿ ನೋಡಿದರು. ಗೋಡೆಯ ಮೋಲ್ಡಿಂಗ್ ಪುಟದಲ್ಲಿ ನಿಂತರು. ‘ಫ್ರೇಮೆಲ್ಲ ಚೆನ್ನಾಗಿದೆ. ಫೋಟೋ ಎಲ್ಲಿ?’

ಫೋಟೋ ಇರೋದಿಲ್ಲ ಅಪ್ಪ, ಖಾಲಿ ಫ್ರೇಮೇ ಡಿಸೈನು ಅಂದೆ. ‘ಖಾಲಿ ಫ್ರೇಮಿಗೆ ದುಡ್ಡು ಕೊಡೋದಾ ಮಾರಾಯ!’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅದೇ ಗುರುವಾರ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನು. ಹಳೇ ಮನೆ ಕೀಳಿಸ್ತಾ ಇದ್ದೇನೆ, ಹೆಂಚು ಇಳಿಸೋಕೆ ಶುರುವಾಗಿದೆ, ಯಾರಿಗೆ ಏನು ಬೇಕೋ ಈ ವಾರ ಬಂದು ನೋಡಿಕೊಳ್ಳಿ ಅಂದರು. ಅಪ್ಪ ‘ಸರಿ’ ಅಂದಿದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಬೇರೆಯದೇ ಓಡುತ್ತಿತ್ತು. ಆ ಮನೆಯ ಹೆಬ್ಬಾಗಿಲ ಕೆತ್ತನೆಯ ಬಾಗಿಲುವಾಡ ತಂದು ಸೋಫಾ ಹಿಂದಿನ ಗೋಡೆಗೆ ಕೂರಿಸಿದರೆ? ಪಿಡಿಎಫ್‌ನ ಯಾವ ಮೋಲ್ಡಿಂಗೂ ಅದರ ಮುಂದೆ ನಿಲ್ಲಲ್ಲ. ಹೆಂಡತಿಗೆ ಹೇಳಿದೆ. ‘ಅಳತೆ ತಗೊಂಡು ಬಾ, ಮಾವನವರನ್ನ ಮೊದಲು ಕೇಳು’ ಅಂದಳು. ಎರಡನೆಯದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಶನಿವಾರ ಬೆಳಗ್ಗೆ ಐದಕ್ಕೇ ಅಪ್ಪನ ಜೊತೆ ಹೊರಟೆ. ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ಆಗಿ ಸುಮಾರು 350 ಕಿಲೋಮೀಟರು. ತರೀಕೆರೆ ಹತ್ತಿರ ಬಂದಾಗ ಅಪ್ಪನೇ ಅಮೃತಾಪುರಕ್ಕೆ ಹೋಗಿ ಹೋಗೋಣ ಅಂದರು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನ ಅಲ್ಲಿದೆ. ಬೇಲೂರು-ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಕನ್ನಡಿಯಂತೆ ಹೊಳೆಯೋ ಕಂಬಗಳ ನಡುವೆ ಆರಾಮಾಗಿ ಓಡಾಡಬಹುದು.

ಎಲ್ಲರೂ ಗೋಡೆ ಮೇಲಿನ ರಾಮಾಯಣ, ಮಹಾಭಾರತದ ಶಿಲ್ಪ ನೋಡಿದರೆ ನಾನು ಬಗ್ಗಿ ಬುಡ ನೋಡ್ತಾ ಇದ್ದೆ. ತಲೆಯಲ್ಲಿ ಸ್ಕರ್ಟಿಂಗ್ ಇತ್ತಲ್ಲ! ಪಟ್ಟಿಯ ಮೇಲೆ ಪಟ್ಟಿ, ಒಂದು ಮುಂದೆ, ಒಂದು ಹಿಂದೆ. ಇವಕ್ಕೆಲ್ಲ ನಮ್ಮ ಶಿಲ್ಪಶಾಸ್ತ್ರದಲ್ಲಿ ಹೆಸರಿದೆ: ಉಪಾನ, ಜಗತಿ, ಕುಮುದ, ಕಪೋತ. ಹತ್ತು ಗಂಟೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಪ್ರತಿ ಪಟ್ಟಿಯ ಕೆಳಗೂ ದಪ್ಪ ಕಪ್ಪು ಗೆರೆ ಎಳೆದ ಹಾಗೆ ನೆರಳು. ಮೋಲ್ಡಿಂಗ್ ಅಂದರೆ ಅರ್ಧ ಕಲ್ಲು, ಅರ್ಧ ನೆರಳು ಅಂತ ಅವತ್ತು ಗೊತ್ತಾಯಿತು. ನಮ್ಮ ಲಿವಿಂಗ್ ರೂಮಿಗೆ ಬೆಳಕು ಬರೋದು ಒಂದೇ ಬಾಲ್ಕನಿಯಿಂದ, ಉಳಿದದ್ದೆಲ್ಲ ಸೀಲಿಂಗಿನ ಎಲ್ಇಡಿ. ಅಲ್ಲಿ ಬಿಳಿ ಗೋಡೆಗೆ ಅರ್ಧ ಇಂಚಿನ ಬಿಳಿ ಪಟ್ಟಿ ಹೊಡೆದರೆ ನೆರಳೇ ಬೀಳಲ್ಲ, ಧೂಳು ಮಾತ್ರ ಕೂರುತ್ತೆ. ಪಿಡಿಎಫ್‌ನ ಆರು ಪುಟ ಅಲ್ಲೇ ಹಾರಿಹೋಯಿತು.

ಮಧ್ಯಾಹ್ನದ ಹೊತ್ತಿಗೆ ತುಂಗೆ ದಾಟಿ, ಅಡಿಕೆ ತೋಟಗಳ ಪಕ್ಕದಲ್ಲೇ ಇಳಿದು ಮನೆ ಮುಟ್ಟಿದೆವು. ಒಂದು ಮಗ್ಗುಲಿನ ಹೆಂಚು ಆಗಲೇ ಕೆಳಗಿತ್ತು. ಎಂದೂ ಬಿಸಿಲು ಕಾಣದ ನಡುಮನೆಯಲ್ಲಿ ಬಿಸಿಲು ಬಿದ್ದಿತ್ತು. ಅಪ್ಪ ಜಗಲಿಯಲ್ಲೇ ಸ್ವಲ್ಪ ಹೊತ್ತು ನಿಂತರು.

ಇಂಥ ಕಡೆ ನಮ್ಮಂಥವರು ‘ಅಯ್ಯೋ, ಇಷ್ಟು ಚಂದದ ಮನೆ ಕೀಳ್ತಾರಲ್ಲ’ ಅಂತ ಶುರು ಮಾಡ್ತೇವೆ. ನಾನೂ ಮಾಡಿದೆ. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳದೆ ತೋರಿಸಿದರು. ಗೆದ್ದಲು ತಿಂದ ಅಡ್ಡತೊಲೆ, ಸೋರಿ ಸೋರಿ ಕರಗಿದ ಮಣ್ಣಿನ ಗೋಡೆ. ವರ್ಷಕ್ಕೊಮ್ಮೆ ಬಂದು ಫೋಟೋ ಹೊಡೆಯೋದು ನಾವು. ಪ್ರತಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸೋದು ಅವರು, ಅದೂ ಮಂಡಿನೋವು ಇಟ್ಟುಕೊಂಡು. ಸುಮ್ಮನಾದೆ.

ಟೇಪು ತೆಗೆದು ಬಾಗಿಲುವಾಡ ಅಳೆಯೋಕೆ ಶುರು ಮಾಡಿದೆ. ಒಳಗಿನ ಎತ್ತರ 5 ಅಡಿ 2 ಇಂಚು. ಹೊಸ್ತಿಲೇ 8 ಇಂಚು. ಹೊರಗಿನ ಕೆತ್ತನೆ ಸೇರಿ ನಮ್ಮ ಗೋಡೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಪ್ಪ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

‘ಇದನ್ನ ಎಲ್ಲಿ ಕೂರಿಸ್ತೀಯ?’

‘ಸೋಫಾ ಹಿಂದಿನ ಗೋಡೆಗೆ.’

‘ಗೋಡೆ ಆಚೆ ಎಂತ ಇದೆ?’

‘ಪಕ್ಕದ ಫ್ಲ್ಯಾಟಿನವರ ಬೆಡ್‌ರೂಮು.’

‘ಮತ್ತೆ ದಾಟೋದು ಯಾರು?’

ನಗೋಕೆ ಹೋದೆ, ಅಪ್ಪ ನಗುತ್ತಿರಲಿಲ್ಲ. ‘ನಿನ್ನ ಅಮ್ಮ ಸೇರು ಒದ್ದು ಒಳಗೆ ಬಂದಿದ್ದು ಈ ಹೊಸ್ತಿಲಲ್ಲಿ. ನಿನ್ನ ಅಜ್ಜನ್ನ ಎತ್ತಿಕೊಂಡು ಹೊರಗೆ ಹೋಗಿದ್ದೂ ಇದರಲ್ಲೇ. ಅದನ್ನ ಗೋಡೆಗೆ ನೇತು ಹಾಕಬೇಡ’ ಅಂದರು. ಅಷ್ಟು ಹೇಳಿ ತೋಟದ ಕಡೆ ಇಳಿದು ಹೋದರು. ನಾನು ಟೇಪು ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತೆ. ಹೊಸ್ತಿಲ ಮೇಲೆ ಕೂರಬಾರದು ಅಂತ ಚಿಕ್ಕಮ್ಮ ಒಳಗಿನಿಂದ ಗದರಿದರು.

ಮನೆ ಬಿಚ್ಚೋಕೆ ಬಂದಿದ್ದ ಆಚಾರ್ರು ಅಟ್ಟದ ಮೇಲಿದ್ದರು. ಬೇಸರ ಕಳೆಯೋಕೆ ಅವರ ಹತ್ತಿರ ಹತ್ತಿದೆ. ಮಲೆನಾಡಿನ ಮನೆಗಳಲ್ಲಿ ತೊಲೆಗಳ ಮೇಲೆ ಹಲಗೆ ಹಾಸಿ ಮಾಡೋ ಸೀಲಿಂಗಿಗೆ ಮುಚ್ಚಿಗೆ ಅಂತಾರೆ. ನಮ್ಮದು ಹಲಸಿನ ಹಲಗೆಯ ಮುಚ್ಚಿಗೆ. ಎರಡು ಹಲಗೆ ಸೇರೋ ಕಡೆ ಸಣ್ಣದೊಂದು ಪಟ್ಟಿ, ಅಂಚು ಇಳಿಜಾರು ಹೆರೆದದ್ದು. ಅದನ್ನವರು ಮೀಟಿ ಎಬ್ಬಿಸುತ್ತಿದ್ದರು. ನೋಡಿದರೆ ಮೊಳೆ ಒಂದೇ ಕಡೆಗಿದೆ.

‘ಆ ಕಡೆಗೂ ಯಾಕೆ ಹೊಡೆದಿಲ್ಲ?’ ಅಂದೆ.

‘ಮಳೆಗಾಲಕ್ಕೆ ಹಲಗೆ ಉಬ್ಬುತ್ತೆ ತಮ್ಮ, ಬೇಸಿಗೆಗೆ ಕುಗ್ಗುತ್ತೆ. ಎರಡೂ ಕಡೆ ಮೊಳೆ ಹೊಡೆದರೆ ಪಟ್ಟಿ ಸೀಳುತ್ತೆ, ಇಲ್ಲಾ ಹಲಗೆ ಸೀಳುತ್ತೆ. ಪಟ್ಟಿ ಇರೋದು ಸಂದು ಕಾಣದ ಹಾಗೆ ಮಾಡೋಕೆ. ಸಂದು ಇಲ್ಲದ ಹಾಗೆ ಮಾಡೋಕಲ್ಲ.’

ಅಲ್ಲೇ ಅಟ್ಟದ ಮೇಲೆ ಕೂತು ಪಿಡಿಎಫ್ ತೆಗೆದು ಮತ್ತೆ ನೋಡಿದೆ. ಈಗ ಪ್ರತಿ ಪಟ್ಟಿಗೂ ಒಂದೇ ಪ್ರಶ್ನೆ: ನೀನು ಮುಚ್ಚೋದು ಯಾವ ಸಂದು? ಬಾಗಿಲ ಸುತ್ತಲಿನ ಪಟ್ಟಿಗೆ ಉತ್ತರ ಇದೆ, ಫ್ರೇಮಿಗೂ ಪ್ಲಾಸ್ಟರಿಗೂ ನಡುವೆ ಬಿರುಕು ಬಿಟ್ಟೇ ಬಿಡುತ್ತೆ. ಸ್ಕರ್ಟಿಂಗಿಗೂ ಇದೆ, ಗೋಡೆಗೆ ಮಾಪಿನ ನೀರು ತಾಗಬಾರದು. ಲ್ಯಾಮಿನೇಟ್ ನೆಲ ಹಾಕಿಸೋರು ಗೋಡೆಯಂಚಿಗೆ ಬಿಡೋ ಸಂದನ್ನೂ ಅದೇ ಮುಚ್ಚೋದು. ಅಲ್ಲೂ ಆಚಾರ್ರ ನಿಯಮವೇ, ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಹೊಡೀಬೇಕು, ನೆಲಕ್ಕಲ್ಲ. ಆದರೆ ನಮ್ಮದು ಟೈಲ್ಸ್ ನೆಲ, ಬಿಲ್ಡರ್ ಹಾಕಿಕೊಟ್ಟ 4 ಇಂಚಿನ ಟೈಲ್ಸ್ ಸ್ಕರ್ಟಿಂಗ್ ಗಟ್ಟಿಯಾಗಿದೆ. ಅದರ ಜಾಗಕ್ಕೆ ಎಂಡಿಎಫ್ ಹಾಕಿದರೆ ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತೆ. ಕಾರ್ನಿಸು ಸೀಲಿಂಗಿನ ಸಂದಿಗೆ ಸರಿಯೇ, ಆದರೆ ಒಂಬತ್ತೂವರೆ ಅಡಿ ಎತ್ತರದ ರೂಮಿಗೆ ಅಷ್ಟು ದಪ್ಪದ್ದು ಹೊಡೆದರೆ ತಲೆ ಮೇಲೆ ಕೂತ ಹಾಗಿರುತ್ತೆ. ಚಿನ್ನದ ಪಟ್ಟಿಗೆ ಉತ್ತರವೇ ಇರಲಿಲ್ಲ. ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವಾಗಲೂ ಇಷ್ಟು ಖುಷಿಯಾಗಿ ಡಿಲೀಟ್ ಹೊಡೆದಿಲ್ಲ.

ಸಂಜೆ ಅಪ್ಪ ತೋಟದಿಂದ ಬಂದಮೇಲೆ ಬಾಗಿಲುವಾಡ ಬೇಡ, ಚಿಕ್ಕಪ್ಪನಿಗೇ ಇರಲಿ ಅಂದೆ. ಮುಚ್ಚಿಗೆಯ ಎರಡು ಹಲಗೆ ಕೇಳಿದೆ. ಅಪ್ಪ ತಾವೇ ಹೋಗಿ ಒಂದೊಂದನ್ನೂ ಬೆರಳಿಂದ ತಟ್ಟಿ ನೋಡಿ ಆರಿಸಿದರು. ಟೊಳ್ಳು ಸದ್ದು ಬಂದರೆ ಒಳಗೆ ಹುಳ ಅಂತ ಅರ್ಥವಂತೆ. ನೀವೂ ಊರಿಂದ ಮರ ತರೋದಾದರೆ ಒಂದು ಮಾತು. ಮನೆಯದೇ ಹಳೇ ಮರ ಅಂತ ಸೀದಾ ಗಾಡಿಗೆ ಹಾಕಬೇಡಿ, ಮೊದಲು ಅರಣ್ಯ ಇಲಾಖೆಯವರನ್ನು ವಿಚಾರಿಸಿ. ನಮ್ಮ ಹಲಗೆಗಳು ಬೆಂಗಳೂರು ಸೇರೋಕೆ ಮೂರು ವಾರ ಹಿಡಿಯಿತು.

ಕೊನೆಗೆ ನಮ್ಮ ಲಿವಿಂಗ್ ರೂಮಿನಲ್ಲಿ ಆದದ್ದು ಇಷ್ಟೇ. ಮುಖ್ಯ ಬಾಗಿಲಿಗೂ ಬಾಲ್ಕನಿ ಬಾಗಿಲಿಗೂ ಒಳಗಡೆಯಿಂದ ಹಲಸಿನ ಪಟ್ಟಿ, ಮೂರು ಇಂಚು ಅಗಲ, ಅಂಚು ಇಳಿಜಾರು. ಉಳಿದ ಗೋಡೆ ಬರೀ ಗೋಡೆ. ಕಪ್ಪು ಹಿಡಿದ ಹಲಗೆಯನ್ನು ಸೀಳಿದಾಗ ಒಳಗೆ ಹಳದಿ. ಹಲಸು ಗಾಳಿ ಬೆಳಕಿಗೆ ಮತ್ತೆ ಕಂದಾಗುತ್ತೆ, ಪಾಲಿಶ್ ಬೇಡ, ಎಣ್ಣೆ ಸಾಕು ಅಂತ ಅಪ್ಪನ ಆರ್ಡರ್. ಇಲ್ಲಿನ ಕಾರ್ಪೆಂಟರಿಗೆ ‘ಬರೀ ಫ್ರೇಮಿಗೆ ಹೊಡಿ, ಗೋಡೆಗೆ ಬೇಡ’ ಅಂತ ಹೇಳಿ ಹೇಳಿ ಸಾಕಾಯಿತು. ಒಂದು ಕಡೆ ಗೋಡೆಯೇ ಸೊಟ್ಟ ಇದ್ದುದರಿಂದ ಪಟ್ಟಿ ಹಿಂದೆ ಕಾಲಿಂಚು ಸಂದು ಕಾಣುತ್ತೆ. ಡಿಸೈನರು ಬಂದು ನೋಡಿ, ಅಲ್ಲಿ ಸಿಲಿಕಾನ್ ತುಂಬಿಸಿ ಸರ್ ಅಂದರು. ತುಂಬಿಸಿಲ್ಲ.

ಚಿಕ್ಕಪ್ಪನ ಹೊಸ ಮನೆಯ ಮುಂಬಾಗಿಲಿಗೆ ಆ ಬಾಗಿಲುವಾಡದ ಎತ್ತರ ಸಾಲಲಿಲ್ಲ. ಅಡುಗೆಮನೆಯಿಂದ ಹಿತ್ತಿಲಿಗೆ ಹೋಗೋ ಕಡೆ ಕೂರಿಸಿದ್ದಾರೆ. ಗೃಹಪ್ರವೇಶಕ್ಕೆ ಹೋಗಿದ್ದ ಅಪ್ಪ ಹಣೆ ಊದಿಸಿಕೊಂಡು ಬಂದರು. ಏಳು ತಿಂಗಳು ಫ್ಲ್ಯಾಟಿನಲ್ಲಿದ್ದು ಬಗ್ಗೋದೇ ಮರೆತುಹೋಗಿದೆ ಅಂತ ಅಮ್ಮ ಅರಿಶಿನ ಹಚ್ಚುತ್ತಾ ಬೈದರು. ಅಪ್ಪನಿಗೆ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸೋ ಖುಷಿ.