ಹೋದ ವರ್ಷದ ವಯಸ್ಸು

ಹ್ಯಾಮ್ ರೇಡಿಯೊ ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ ಐವತ್ತೊಂಬತ್ತು ಕೊಡುತ್ತಾರೆ. ಐದು ಎಂದರೆ ನಿಮ್ಮ ಮಾತು ಪೂರ್ತಿ ಅರ್ಥವಾಗುತ್ತಿದೆ, ಒಂಬತ್ತು ಎಂದರೆ ದನಿ ಬಹಳ ಗಟ್ಟಿಯಾಗಿ ಬರುತ್ತಿದೆ. ವಾಸ್ತವದಲ್ಲಿ ಎದುರಿನವರ ದನಿ ದೂರದ ಸಿಡಿಲಿನ ಚಟಪಟದಲ್ಲಿ ಮುಳುಗಿಹೋಗಿರುತ್ತದೆ, ಅವರ ಗುರುತಿನ ಅಕ್ಷರಗಳಾದ ಕಾಲ್ ಸೈನ್ ಅರ್ಧವೂ ದಕ್ಕಿರುವುದಿಲ್ಲ. ಆದರೂ ‘ಫೈವ್ ನೈನ್, ನಿಮ್ಮ ಕಾಲ್ ಸೈನ್ ಇನ್ನೊಮ್ಮೆ ಹೇಳಿ’ ಎನ್ನುತ್ತೇವೆ. ಈ ಸುಳ್ಳಿಗೆ ಯಾರೂ ಬೇಸರಪಡುವುದಿಲ್ಲ, ಯಾರೂ ಅದನ್ನು ನಂಬುವುದೂ ಇಲ್ಲ.

ಹಾಗಾಗಿಯೇ ಸ್ಪರ್ಧೆ ನಡೆಸುವವರು ಐವತ್ತೊಂಬತ್ತರ ಬೆನ್ನಿಗೆ ಇನ್ನೊಂದು ಸಂಖ್ಯೆ ಹೇಳಿಸುತ್ತಾರೆ. ಕೆಲವು ಸ್ಪರ್ಧೆಗಳಲ್ಲಿ ಅದು 001ರಿಂದ ಶುರುವಾಗುವ ಕ್ರಮಸಂಖ್ಯೆ. ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಯಲ್ಲಿ ವಲಯದ ಸಂಖ್ಯೆ, ನಮ್ಮದು 22. ಜಪಾನಿನ ಹ್ಯಾಮ್‌ಗಳ ಸಂಘವಾದ ಜೆಎಆರ್‌ಎಲ್ ನಡೆಸುವ ಆಲ್ ಏಷ್ಯನ್ ಸ್ಪರ್ಧೆಯಲ್ಲಿ ಅದು ಆಪರೇಟರ್‌ನ ವಯಸ್ಸು. ಹೌದು, ವಯಸ್ಸೇ. ಹೆಣ್ಣುಮಕ್ಕಳು 00 ಎಂದು ಕಳಿಸುವ ರೂಢಿಯುಂಟು. ಉಳಿದವರು ಹದಿನೆಂಟೋ ಎಂಬತ್ತೆರಡೋ, ಇದ್ದದ್ದನ್ನು ಲೋಕಕ್ಕೆಲ್ಲ ಸಾರಬೇಕು.

ಈ ಹವ್ಯಾಸದಲ್ಲಿ ನನಗೆ ಅತಿ ಪ್ರಿಯವಾದ ಪದ್ಧತಿ ಇದು. ಜಪಾನಿನ ಹ್ಯಾಮ್‌ಗಳಲ್ಲಿ ವಯಸ್ಸಾದವರು ಬಹಳ. ‘ಫೈವ್ ನೈನ್, ಎಯ್ಟ್ ತ್ರೀ’ ಎನ್ನುವಾಗ ಅವರ ದನಿಯಲ್ಲಿ ಒಂದು ಬಗೆಯ ಬಿಗುಮಾನ ಇರುತ್ತದೆ. ಉಳಿದೆಲ್ಲ ಸ್ಪರ್ಧೆಗಳಲ್ಲಿ ಬರೀ ಕಾಲ್ ಸೈನ್ ಆಗಿದ್ದವರು ಇಲ್ಲಿ ಎರಡೇ ಅಂಕಿಯಲ್ಲಿ ಮನುಷ್ಯರಾಗುತ್ತಾರೆ. ನಾನು ಹಾಳುಗೆಡವಿದ್ದು ಆ ಎರಡು ಅಂಕಿಗಳನ್ನೇ.

ಧ್ವನಿ ವಿಭಾಗದ ಸ್ಪರ್ಧೆ ಸೆಪ್ಟೆಂಬರಿನ ಮೊದಲ ಪೂರ್ಣ ವಾರಾಂತ್ಯದಲ್ಲಿ, ಮೋರ್ಸ್ ವಿಭಾಗದ್ದು ಜೂನ್‌ನಲ್ಲಿ. ಶನಿವಾರ ಯುಟಿಸಿ ಲೆಕ್ಕದ ಸೊನ್ನೆ ಗಂಟೆಗೆ, ಎಂದರೆ ನಮ್ಮ ಬೆಳಗಿನ ಐದೂವರೆಗೆ ಶುರುವಾಗಿ 48 ಗಂಟೆ ನಡೆಯುತ್ತದೆ. ಏಷ್ಯಾದವರಾದ ನಮಗೆ ಖಂಡದ ಹೊರಗಿನವರು ಸಿಕ್ಕರೆ ಹೆಚ್ಚು ಅಂಕ. ಒಂದೊಂದು ಬ್ಯಾಂಡಿನಲ್ಲೂ, ಎಂದರೆ ತರಂಗಗಳ ಒಂದೊಂದು ಪಟ್ಟಿಯಲ್ಲೂ, ಎಷ್ಟು ಬೇರೆ ಬೇರೆ ದೇಶ ಹಿಡಿದೆವೋ ಅವೆಲ್ಲ ಕೂಡಿ ಗುಣಕವಾಗುತ್ತದೆ. ಅಂಕಕ್ಕೆ ಗುಣಕ ಹಾಕಿ ಗುಣಿಸಿದರೆ ಸ್ಕೋರು. ಗುಣಾಕಾರ ಇರುವ ಕಡೆ ದುರಾಸೆಯೂ ಇರುತ್ತದೆ: ಒಂದು ಹೊಸ ದೇಶ ಸಿಕ್ಕಿದರೆ ಅಷ್ಟರವರೆಗಿನ ದುಡಿಮೆಯೆಲ್ಲ ಒಮ್ಮೆಗೇ ಉಬ್ಬುತ್ತದೆ.

ನನ್ನದು ದೊಡ್ಡ ಸ್ಟೇಷನ್ ಅಲ್ಲ. ತಿಪಟೂರಿನ ಹತ್ತಿರ ತೋಟದ ಮನೆ. 100 ವಾಟಿನ ರಿಗ್, ಎಂದರೆ ರೇಡಿಯೊ ಯಂತ್ರ. ತೆಂಗಿನ ಮರಗಳ ನಡುವೆ ಎಳೆದು ಕಟ್ಟಿದ ತಂತಿಯ ಡೈಪೋಲ್‌ಗಳು. 14 ಮೆಗಾಹರ್ಟ್ಸ್‌ಗೆ ಸುಮಾರು ಹತ್ತು ಮೀಟರ್ ತಂತಿ, 21ಕ್ಕೆ ಆರೂಮುಕ್ಕಾಲು ಮೀಟರ್. ನಟ್ಟನಡುವೆ ಕತ್ತರಿಸಿ ಕೇಬಲ್ ಬೆಸೆದರೆ ಆಂಟೆನಾ ಸಿದ್ಧ. ಬೆಳಿಗ್ಗೆ 21ರಲ್ಲಿ ಜಪಾನ್ ತೆರೆದುಕೊಳ್ಳುತ್ತದೆ, ಸಂಜೆಯ ಹೊತ್ತಿಗೆ 14ರಲ್ಲಿ ಯುರೋಪು ತುಂಬಿಕೊಳ್ಳುತ್ತದೆ, ಕತ್ತಲಾದ ಮೇಲೆ 7 ಮೆಗಾಹರ್ಟ್ಸ್. ಗೋಪುರ ನಿಲ್ಲಿಸಿ ತಿರುಗುವ ಯಾಗಿ ಆಂಟೆನಾ ಇಟ್ಟುಕೊಂಡವರ ಜೊತೆ ಸೆಣಸಲು ಇಷ್ಟು ಸಾಲದು ಎಂದು ನನಗೂ ಗೊತ್ತಿತ್ತು. ಆದರೆ ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ನನ್ನಂಥದೇ ತಂತಿ, ನನ್ನಷ್ಟೇ ವಾಟು ಇಟ್ಟುಕೊಂಡು ಪ್ರತಿ ಸಲ ನನಗಿಂತ ಮುಂದಿರುತ್ತಿದ್ದ. ಅವನನ್ನು ಒಮ್ಮೆಯಾದರೂ ಹಿಂದೆ ಹಾಕಬೇಕೆಂಬುದು ನನ್ನ ಹಟ.

ಆಂಟೆನಾ ಹಿಗ್ಗಿಸುವಂತಿಲ್ಲ, ಹಾಗಾಗಿ ಸಮಯದಲ್ಲಿ ಉಳಿತಾಯ ಮಾಡಲು ಹೊರಟೆ. ಸಂಪರ್ಕಗಳ ದಾಖಲೆಯಾದ ಲಾಗ್ ಬರೆಯುವ ಸಾಫ್ಟ್‌ವೇರ್‌ಗೆ ಹಳೆಯ ಸಂಪರ್ಕಗಳ ಕಡತ ಉಣಿಸುವ ಸೌಲಭ್ಯವಿದೆ. ಕಾಲ್ ಸೈನ್ ಟೈಪ್ ಮಾಡುತ್ತಿದ್ದಂತೆ ಆ ವ್ಯಕ್ತಿ ಹಿಂದೆ ಕಳಿಸಿದ್ದ ಸಂಖ್ಯೆ ತಾನಾಗಿ ಪಕ್ಕದ ಚೌಕದಲ್ಲಿ ಬಂದು ಕೂರುತ್ತದೆ. ವಲಯ ಸಂಖ್ಯೆಯ ಸ್ಪರ್ಧೆಗಳಲ್ಲಿ ಇದು ಅನುಕೂಲವೇ, ಯಾರೂ ವರ್ಷವರ್ಷ ವಲಯ ಬದಲಿಸುವುದಿಲ್ಲ. ಹೋದ ವರ್ಷದ ನನ್ನ ಲಾಗನ್ನೇ ಕಡತ ಮಾಡಿ ತುಂಬಿಕೊಂಡೆ. ವಯಸ್ಸಿಗೆ ಒಂದು ಕೂಡಿಸಬೇಕಲ್ಲ ಎಂಬುದು ತಲೆಗೆ ಹೊಳೆಯದೆ ಇರಲಿಲ್ಲ. ಹುಟ್ಟುಹಬ್ಬ ಸೆಪ್ಟೆಂಬರಿಗೆ ಮೊದಲೋ ಆಮೇಲೋ ಯಾರಿಗೆ ಗೊತ್ತು, ಹೇಗೂ ಕೇಳಿಸಿಕೊಂಡು ತಿದ್ದುತ್ತೇನಲ್ಲ ಎಂದುಕೊಂಡೆ. ಜೊತೆಗೆ, ಗಂಟಲು ಉಳಿಸಲು ಧ್ವನಿಮುದ್ರಿತ ಕರೆಗಳನ್ನೂ ಜೋಡಿಸಿದೆ. ಒಂದು ಗುಂಡಿ ಒತ್ತಿದರೆ ‘ಯಾರಾದರೂ ಇದ್ದೀರಾ’ ಎಂದು ಕೇಳುವ ಸಿಕ್ಯೂ ಕರೆ, ಇನ್ನೊಂದು ಒತ್ತಿದರೆ ಐವತ್ತೊಂಬತ್ತು ಮತ್ತು ನನ್ನ ವಯಸ್ಸು. ಅವು ಗಾಳಿಗೆ ಹೋಗುವಾಗ ಕಿವಿಗೆ ಕಿರಿಕಿರಿ ಬೇಡವೆಂದು ಹೆಡ್‌ಫೋನಿನಲ್ಲಿ ಕೇಳದಂತೆ ಮಾಡಿಕೊಂಡೆ.

ಆ ಸಲ ಬ್ಯಾಂಡುಗಳು ಚೆನ್ನಾಗಿದ್ದವು. ಜಪಾನಿನವರು ಸಾಲುಗಟ್ಟಿ ಕರೆದರು. ಶುರುವಿನಲ್ಲಿ ಚೌಕದಲ್ಲಿ ಬಂದ ಸಂಖ್ಯೆಯನ್ನು ಕಿವಿಗೆ ಬಿದ್ದದ್ದರ ಜೊತೆ ತಾಳೆ ನೋಡುತ್ತಿದ್ದೆ, ತಿದ್ದುತ್ತಲೂ ಇದ್ದೆ. ಹೊತ್ತು ಏರಿದಂತೆ ವೇಗ ಏರಿತು, ತಾಳೆ ನೋಡುವುದು ನಿಂತಿತು. ಕಾಲ್ ಸೈನ್ ಕೇಳಿಸಿದೊಡನೆ ಬೆರಳು ಎಂಟರ್ ಕೀ ಮೇಲಿರುತ್ತಿತ್ತು. ಅವರು ವಯಸ್ಸು ಹೇಳುವ ಒಂದೂವರೆ ಸೆಕೆಂಡು ನನಗೆ ಮುಂದಿನವರನ್ನು ಹುಡುಕಲು ಸಿಕ್ಕ ಬಿಡುವಾಗಿತ್ತು. ತರಗತಿಯತ್ತ ತಲೆಯೆತ್ತದೆ ಹಾಜರಿ ಹಾಕುವ ಮೇಷ್ಟ್ರಂತೆ ನಾನು ಸಾಲು ಸಾಲಾಗಿ ಎಲ್ಲರನ್ನೂ ದಾಖಲಿಸಿಕೊಂಡು ಹೋದೆ. ಸೋಮವಾರ ಬೆಳಿಗ್ಗೆ ಪರದೆಯ ಮೇಲಿದ್ದ ಸ್ಕೋರು ಗೆಳೆಯನ ಎಂದಿನ ಸ್ಕೋರನ್ನು ದಾಟಿತ್ತು. ಲಾಗ್ ಕಳಿಸಿದೆ. ಫೋನ್ ಮಾಡಿ ಹೇಳಿಯೂ ಬಿಟ್ಟೆ.

ನನ್ನ ಅಣ್ಣನ ಮಗಳು ಆಗ ಹ್ಯಾಮ್ ಪರೀಕ್ಷೆಗೆ ಓದುತ್ತಿದ್ದಳು. ನಮ್ಮ ದೇಶದಲ್ಲಿ ಹನ್ನೆರಡು ತುಂಬಿದರೆ ಬರೆಯಬಹುದು. ಕಾಂಟೆಸ್ಟ್ ಅಂದರೆ ಹೇಗಿರುತ್ತದೆ ಎಂದು ಅವಳಿಗೆ ತೋರಿಸೋಣವೆಂದು, ಕಂಪ್ಯೂಟರ್ ಮುದ್ರಿಸಿಟ್ಟುಕೊಂಡಿದ್ದ ಎರಡೂ ಕಡೆಯ ದನಿಯನ್ನು ಹಾಕಿ, ಲಾಗನ್ನು ಎದುರಿಗೆ ತೆರೆದಿಟ್ಟೆ. ನನ್ನ ಚುರುಕುತನವನ್ನು ಅವಳು ಮೆಚ್ಚಿಕೊಳ್ಳಲಿ ಎಂದು ನಾನು ಕಾಯುತ್ತಿದ್ದರೆ ಅವಳು ಬೆರಳಿಟ್ಟು ಸಾಲು ಓದುತ್ತಿದ್ದಳು.

‘ಚಿಕ್ಕಪ್ಪ, ಅವರು ಸೆವೆನ್ ಒನ್ ಅಂದ್ರು. ನೀವು ಎಪ್ಪತ್ತು ಅಂತ ಬರ್ದಿದೀರಲ್ಲ?’

‘ಗಡಿಬಿಡೀಲಿ ಒಂದೆರಡು ಹಾಗಾಗತ್ತೆ ಪುಟ್ಟಿ.’

‘ಇದೂ ಹಂಗೇ ಇದೆ. ಇದೂ.’

ಅವಳು ಬೆರಳು ಇಳಿಸುತ್ತಾ ಹೋದಳು. ಹೆಚ್ಚಿನವರು ನನ್ನ ಲಾಗಿನಲ್ಲಿ ಒಂದು ವರ್ಷ ಚಿಕ್ಕವರಾಗಿದ್ದರು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತೇನೋ. ಒಂದು ಕ್ಲಬ್ ಸ್ಟೇಷನ್ನಿನದು ಬೇರೆಯೇ ಕಥೆ. ಹೋದ ವರ್ಷ ಅಲ್ಲಿ ಮೈಕ್ ಹಿಡಿದಿದ್ದವರಿಗೆ ಅರವತ್ತನಾಲ್ಕು. ಈ ಸಲ ಒಬ್ಬ ಹುಡುಗ, ಇನ್ನೂ ಒಡೆದು ಕೂರದ ದನಿಯಲ್ಲಿ, ಹದಿನೇಳು ಎಂದು ಎರಡೆರಡು ಬಾರಿ ಬಿಡಿಸಿ ಹೇಳುತ್ತಿದ್ದಾನೆ. ನಾನು ಥ್ಯಾಂಕ್ಯೂ ಹೇಳಿ 64 ಎಂದು ದಾಖಲಿಸಿದ್ದೇನೆ. ‘ಇವ್ನ ದನಿ ಕೇಳಿದ್ರೇ ಗೊತ್ತಾಗತ್ತಲ್ಲ ಚಿಕ್ಕಪ್ಪ’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಡಿಲು, ಗದ್ದಲ, ಕ್ಷೀಣ ಸಂಕೇತ ಯಾವುದನ್ನೂ ದೂರುವಂತಿರಲಿಲ್ಲ. ಮುದ್ರಿಕೆಯಲ್ಲಿ ಅವನ ಮಾತು ನಿಚ್ಚಳವಾಗಿತ್ತು. ಐವತ್ತೊಂಬತ್ತು ಎಂದು ಕೊಟ್ಟದ್ದು ಆ ಒಂದು ಸಂಪರ್ಕದಲ್ಲಾದರೂ ನಿಜವಾಗಿತ್ತು.

ಇನ್ನೂ ದೊಡ್ಡ ಎಡವಟ್ಟು ಆ ರಾತ್ರಿ ಒಬ್ಬನೇ ಕೂತು ಕೇಳುವಾಗ ಸಿಕ್ಕಿತು. ನನ್ನ ಧ್ವನಿಮುದ್ರಿತ ಕರೆಗಳೂ ಹೋದ ವರ್ಷದವೇ. ನನಗೆ ನಲವತ್ತೇಳು ತುಂಬಿತ್ತು, ಲಾಗಿನ ‘ಕಳಿಸಿದ್ದು’ ಎಂಬ ಕಾಲಮಿನಲ್ಲಿ ಎಲ್ಲ ಸಾಲಿಗೂ 47 ಎಂದೇ ಇತ್ತು. ಗಾಳಿಯಲ್ಲಿ ಹೋದದ್ದು ಮಾತ್ರ ‘ಫೋರ್ ಸಿಕ್ಸ್’. ಇದರ ಪರಿಣಾಮ ಅರ್ಥವಾಗಲು ಸ್ಪರ್ಧೆಯ ಲಾಗುಗಳನ್ನು ಹೇಗೆ ಪರಿಶೀಲಿಸುತ್ತಾರೆ ಎಂಬುದು ಗೊತ್ತಿರಬೇಕು. ಎಲ್ಲರ ಲಾಗುಗಳನ್ನೂ ಕಂಪ್ಯೂಟರಿಗೆ ಹಾಕಿ, ನಾನು ಕಳಿಸಿದೆನೆಂದು ಬರೆದದ್ದನ್ನೂ ನೀವು ಪಡೆದೆನೆಂದು ಬರೆದದ್ದನ್ನೂ ಹೋಲಿಸುತ್ತಾರೆ. ತಾಳೆಯಾಗದಿದ್ದರೆ ಪಡೆದವರ ಅಂಕ ಹೋಗುತ್ತದೆ. ಎಂದರೆ, ನನ್ನ ದನಿಗೆ ಕಿವಿಗೊಟ್ಟು 46 ಎಂದು ಸರಿಯಾಗಿ ಬರೆದುಕೊಂಡವರೆಲ್ಲ ನನ್ನ ಲಾಗಿನ ಪ್ರಕಾರ ತಪ್ಪಿತಸ್ಥರು. ನನ್ನ ಹಾಗೆ ಹಳೆಯ ಕಡತ ನಂಬಿ ಎಂಟರ್ ಒತ್ತಿದವರಿದ್ದರೆ ಅವರದೂ 46, ಅವರಿಗೂ ನಷ್ಟ. ನಾನು ಕೇಳಿಸಿಕೊಳ್ಳದೆ ಇದ್ದದ್ದು ನನ್ನ ಅಂಕಕ್ಕೆ ಕುತ್ತು. ನಾನು ಹೇಳಿದ್ದನ್ನೇ ನಾನು ಕೇಳಿಸಿಕೊಳ್ಳದೆ ಇದ್ದದ್ದು ಊರವರ ಅಂಕಕ್ಕೆ ಕುತ್ತು.

ಲಾಗ್ ಕಳಿಸುವ ಕೊನೆಯ ದಿನ ಇನ್ನೂ ಬಂದಿರಲಿಲ್ಲ. ಮುದ್ರಿಕೆ ಕೈಯಲ್ಲಿದೆ, ಒಂದು ರಾತ್ರಿ ಕೂತರೆ ಎಲ್ಲ ಸಂಖ್ಯೆಗಳನ್ನೂ ಸರಿ ಮಾಡಿ ಹೊಸ ಲಾಗ್ ಕಳಿಸಬಹುದು, ಯಾರಿಗೂ ತಿಳಿಯುವುದಿಲ್ಲ. ಈ ಯೋಚನೆ ಬಂತು ಎಂದಲ್ಲ, ಮೊದಲು ಬಂದದ್ದೇ ಇದು. ಕೆಲವು ಸಾಲುಗಳನ್ನು ತಿದ್ದಲು ಶುರುಮಾಡಿಯೂ ಇದ್ದೆ. ಸಿಕ್ಯೂ ವರ್ಲ್ಡ್‌ವೈಡ್‌ನಂಥ ದೊಡ್ಡ ಸ್ಪರ್ಧೆಗಳಲ್ಲಿ, ಮುಗಿದ ಮೇಲೆ ಮುದ್ರಿಕೆ ಕೇಳಿ ಲಾಗ್ ತಿದ್ದಬಾರದೆಂದು ನಿಯಮದಲ್ಲೇ ಬರೆದಿದೆ. ಕಾರಣ ಸರಳ: ಪರೀಕ್ಷೆ ನಡೆಯುತ್ತಿರುವುದು ಆ ಕ್ಷಣದ ಕಿವಿಗೆ, ಆಮೇಲಿನ ತಾಳ್ಮೆಗಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಆಡುತ್ತಿತ್ತು. ನಿಲ್ಲಿಸಿದ್ದು ನಿಯಮದ ಭಯವಲ್ಲ. ಆ ಹುಡುಗನ ಸಾಲು ಬಂದಾಗ 64 ಅಳಿಸಿ 17 ಎಂದು ಬರೆಯಲು ಹೋದೆ. ಅವನ ಮಾತನ್ನು ಇಷ್ಟು ಹೊತ್ತಿಗೆ ಬರೆದುಕೊಂಡರೆ ಅವನಿಗೆ ಉತ್ತರ ಕೊಟ್ಟಂತಾಗುವುದಿಲ್ಲ ಅನ್ನಿಸಿತು.

ಸ್ಪರ್ಧೆಗಳಲ್ಲಿ ಚೆಕ್‌ಲಾಗ್ ಎಂಬ ವ್ಯವಸ್ಥೆಯಿದೆ. ನಮಗೆ ಅಂಕ, ಸ್ಥಾನ ಏನೂ ಬೇಡ, ಬೇರೆಯವರ ಲಾಗ್ ತಾಳೆ ನೋಡಲು ಬಳಸಿಕೊಳ್ಳಿ ಎಂದು ಕಳಿಸುವ ಲಾಗ್ ಅದು. ಪಡೆದ ಸಂಖ್ಯೆಗಳನ್ನು ಇದ್ದಂತೆಯೇ ಬಿಟ್ಟೆ. ಕಳಿಸಿದ ಸಂಖ್ಯೆಯನ್ನು ಮಾತ್ರ, ನಿಜವಾಗಿ ಗಾಳಿಗೆ ಹೋದ 46ಕ್ಕೆ ಬದಲಿಸಿ, ಯಾಕೆ ಬದಲಿಸಿದೆ ಎಂದು ಟಿಪ್ಪಣಿ ಸಾಲಿನಲ್ಲಿ ಬರೆದು, ಚೆಕ್‌ಲಾಗ್ ಎಂದು ಗುರುತು ಹಾಕಿ ಮತ್ತೆ ಕಳಿಸಿದೆ. ಬೆಂಗಳೂರಿನ ಗೆಳೆಯನಿಗೂ ಫೋನ್ ಮಾಡಿದೆ. ಅವನು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ‘ನಾನು ಆ ಚೌಕ ಖಾಲಿ ಬಿಡ್ತೀನಪ್ಪ. ಏನಾದ್ರೂ ಕಂಡ್ರೆ ಕಿವಿ ಕೆಲ್ಸ ಮಾಡೋದು ನಿಲ್ಸಿಬಿಡತ್ತೆ’ ಎಂದ. ಅದೇ ತಂತಿ, ಅದೇ ವಾಟು ಇಟ್ಟುಕೊಂಡು ಅವನು ಪ್ರತಿ ಸಲ ಮುಂದಿರಲು ಕಾರಣ ಹುಡುಕಲು ನಾನು ಇಷ್ಟು ವರ್ಷ ಅವನ ಆಂಟೆನಾದ ಎತ್ತರ ಕೇಳುತ್ತಿದ್ದೆ.

ಇದೆಲ್ಲ ಬಿಡುವಿನ ವೇಳೆಯ ಆಟ, ಒಂದು ವರ್ಷ ಹೆಚ್ಚು ಕಡಿಮೆಯಾದರೆ ಮುಳುಗುವುದೇನು ಎಂದು ನನ್ನ ಮನೆಯವರೇ ಕೇಳಿದ್ದುಂಟು. ಆದರೆ ಶಾಲೆಗಳಿಗೆ ಹೋಗಿ ಹ್ಯಾಮ್ ರೇಡಿಯೊ ಬಗ್ಗೆ ಹೇಳುವಾಗ ನಾನು ತಪ್ಪದೆ ಹೇಳುವ ಪ್ರಸಂಗ 2004ರದು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡವೊಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಅಪರೂಪದ ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳಿಗೆ ಸಂಪರ್ಕ ಕೊಡಲು, ಹೆಚ್ಚುಕಡಿಮೆ ಸ್ಪರ್ಧೆಯದೇ ಧಾಟಿಯಲ್ಲಿ ಕೆಲಸ ಮಾಡುತ್ತಿದ್ದವರು ಆಟ ನಿಲ್ಲಿಸಿ, ದ್ವೀಪಗಳಿಂದ ಹೊರಗೆ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಇಳಿದರು. ಯಾರು ಕ್ಷೇಮ, ಏನು ಬೇಕು ಎಂಬ ಸಂದೇಶಗಳು ಅವೇ ರೇಡಿಯೊಗಳಿಂದ ಹೊರಟವು. ‘ಕಾಂಟೆಸ್ಟ್ ಅಂದರೆ ಅಂಥ ದಿನಕ್ಕೆ ತಾಲೀಮು ಮಕ್ಕಳೇ’ ಎಂದು ನಾನೇ ಭಾಷಣ ಬಿಗಿದಿದ್ದೇನೆ. ನನ್ನ ತಾಲೀಮು ಎಂಥದ್ದು? ಎದುರಿನವರು ಹೇಳುವ ಮೊದಲೇ ಹೇಳಿದ್ದಾರೆಂದು ಬರೆಯುವುದು. ಅದನ್ನು ಅಭ್ಯಾಸ ಮಾಡಿದ ಕೈ ವಿಪತ್ತಿನ ದಿನ ಬೇರೆ ಥರ ಬರೆಯುತ್ತದೆ ಎಂದು ನಂಬಲು ನನಗೀಗ ಧೈರ್ಯವಿಲ್ಲ.

ಹೊಸದಾಗಿ ಕಾಂಟೆಸ್ಟಿಗೆ ಇಳಿಯುವವರಿಗೆ ನನ್ನ ಅನುಭವದಿಂದ ಹೇಳಬಹುದಾದ್ದು ಇಷ್ಟು. ವಯಸ್ಸು, ಕ್ರಮಸಂಖ್ಯೆಗಳಂಥ ಬದಲಾಗುವ ಸಂಖ್ಯೆಗಳಿಗೆ ಹಳೆಯ ಕಡತ ತುಂಬಬೇಡಿ. ಮುದ್ರಿತ ಕರೆಗಳನ್ನು ಪ್ರತಿ ವರ್ಷ ಹೊಸದಾಗಿ ಮುದ್ರಿಸಿ. ಅವು ಗಾಳಿಗೆ ಹೋಗುವುದನ್ನು ನೀವೂ ಕೇಳುತ್ತಿರಿ. ಅನುಮಾನ ಬಂದರೆ ‘ಏಜ್ ಎಗೇನ್’ ಎಂದು ಕೇಳಲು ನಾಚಬೇಡಿ. ಎಂಬತ್ತು ದಾಟಿದವರು ಯಾರೂ ತಮ್ಮ ವಯಸ್ಸನ್ನು ಎರಡನೆಯ ಸಲ ಹೇಳಲು ಬೇಸರಿಸಿದ್ದನ್ನು ನಾನು ಕಂಡಿಲ್ಲ. ಮತ್ತೆ ಕೇಳಿದರೂ ದಕ್ಕದಿದ್ದರೆ ಆ ಸಾಲನ್ನು ಬರೆಯದೆ ಬಿಡಿ. ಲಾಗಿನಲ್ಲಿ ಇಲ್ಲದ ಸಂಪರ್ಕದಿಂದ ನಿಮಗೆ ಹೋಗುವುದು ಒಂದು ಸಂಪರ್ಕದ ಅಂಕ. ಊಹಿಸಿ ಬರೆದದ್ದರಿಂದ ಹೋಗುವುದು, ಉಳಿದ ಸಾಲುಗಳ ಮೇಲೆ ನಿಮಗೇ ಇರಬೇಕಾದ ನಂಬಿಕೆ.

ಆಮೇಲಿನ ಸ್ಪರ್ಧೆಗಳಲ್ಲಿ ನನ್ನ ಸ್ಕೋರು ಇಳಿಯಿತು, ಅದು ಇಳಿದದ್ದು ನ್ಯಾಯವೇ. ಈಗ ಚೌಕ ಖಾಲಿಯಿರುತ್ತದೆ. ಅಣ್ಣನ ಮಗಳು ಒಮ್ಮೊಮ್ಮೆ ಪಕ್ಕದಲ್ಲಿ ಕೂತು ಇನ್ನೊಂದು ಹೆಡ್‌ಫೋನಿನಲ್ಲಿ ಕೇಳುತ್ತಾಳೆ, ಕೇಳಿಸಿದ ವಯಸ್ಸನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಸ್ಪರ್ಧೆ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಲಾಗನ್ನು ತಿದ್ದುವುದಿಲ್ಲ, ನನ್ನ ತಪ್ಪುಗಳನ್ನು ಎಣಿಸುತ್ತೇವೆ ಅಷ್ಟೇ. ಸದ್ಯಕ್ಕೆ ಅವಳ ಕಿವಿಯೇ ಮುಂದಿದೆ.