ಹುಲ್ಲಿಗೆ ತಕ್ಕ ಹರಿತ

ಹುಲ್ಲು ಕತ್ತರಿಸುವುದೆಂದರೆ ನನಗೆ ಅಷ್ಟಕ್ಕಷ್ಟೆ. ಮಷೀನಿನ ಗದ್ದಲ, ಪೆಟ್ರೋಲಿನ ವಾಸನೆ, ಮೊಣಕಾಲಿಗೆ ರಾಚುವ ಹಸಿ ಕಸ, ಇವುಗಳಲ್ಲಿ ಸುಖ ಕಾಣುವವರು ಇದ್ದಾರಂತೆ, ಇರಲಿ. ನನ್ನ ಸುಖ ಅದಕ್ಕೂ ಮೊದಲಿನದು. ಮಷೀನನ್ನು ಮಗ್ಗುಲಾಗಿಸಿ, ಬ್ಲೇಡು ಬಿಚ್ಚಿ, ವೈಸಿಗೆ ಕಚ್ಚಿಸಿ, ಅರ ಹಿಡಿದು ಅದರ ಬಾಯಿ ಹರಿತ ಮಾಡುವುದು. ‘ಹುಲ್ಲು ಕೊಯ್ಯೋದು ಅರ್ಧ ತಾಸು, ಬ್ಲೇಡು ಮಸಿಯೋದು ಅರ್ಧ ದಿನ’ ಎಂದು ನಮ್ಮ ಮನೆಯವಳು ಬಂದವರ ಮುಂದೆಲ್ಲ ಹೇಳುತ್ತಾಳೆ. ಲೆಕ್ಕ ತಪ್ಪಲ್ಲ, ನಾನು ತಕರಾರು ಮಾಡುವುದಿಲ್ಲ.

ದಾಂಡೇಲಿಯಲ್ಲಿ ಹುಲ್ಲುಹಾಸು ಸಾಕುವುದೆಂದರೆ ಮಳೆಗಾಲದಲ್ಲಿ ಅದರ ಹಿಂದೆ ಓಡುವುದು. ಜೂನಿನಲ್ಲಿ ನೆಲ ನೆನೆಯಿತೋ ಇಲ್ಲವೋ, ಗರಿಕೆ ಮೆಟ್ಟಿಲ ಸಂದಿಗೂ ನುಗ್ಗುತ್ತದೆ. ಕಾಳಿ ನದಿಯ ದಂಡೆಗುಂಟ ಹೋಂಸ್ಟೇ, ರೆಸಾರ್ಟುಗಳು ಎದ್ದ ಮೇಲೆ ಊರಲ್ಲಿ ಹುಲ್ಲಿನ ಮಷೀನಿನ ಸದ್ದು ಹೆಚ್ಚಾಗಿದೆ. ಆದರೆ ಬ್ಲೇಡನ್ನು ಕೂತು ಮಸೆಯುವವರು ಕಡಿಮೆ. ಮೊಂಡಾದ ಬ್ಲೇಡಿನಲ್ಲೇ ಸೀಜನ್ ದೂಡುತ್ತಾರೆ. ಕತ್ತರಿಸಿದ ಮರುದಿನ ಆ ಹುಲ್ಲನ್ನು ನೋಡಬೇಕು. ದೂರದಿಂದ ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಒಂದು ಎಸಳು ಕಿತ್ತರೆ ತುದಿ ಕತ್ತರಿಸಿರುವುದಿಲ್ಲ, ಹರಿದಿರುತ್ತದೆ, ನಾರು ನಾರಾಗಿ ಬಿಳಿಚಿಕೊಂಡು ಕಂದಾಗುತ್ತಿರುತ್ತದೆ. ಹರಿತ ಬ್ಲೇಡು ಹಾದ ಎಸಳಿನ ತುದಿ ನೇರ, ಹಸಿರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಇದನ್ನು ಪರೀಕ್ಷಿಸುವಾಗ ಪಕ್ಕದ ಮನೆಯವರು ಗೇಟಿನಾಚೆಯಿಂದ ‘ಏನ ಕಳಕೊಂಡ್ರಿ ಸರ?’ ಅನ್ನುವುದು ವಾಡಿಕೆ.

ಹುಲ್ಲನ್ನು ಕತ್ತರಿಸುವ ಕಷ್ಟ ಏನೆಂದರೆ ಅದು ನಿಂತುಕೊಡುವುದಿಲ್ಲ, ಬಾಗುತ್ತದೆ. ಕುಡಗೋಲಿನಲ್ಲಿ ಕೊಯ್ಯುವಾಗ ಎಡಗೈ ಹುಲ್ಲಿನ ಹಿಡಿಯನ್ನು ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಬಲಗೈ ಎಳೆದರೆ ಸಾಕು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಮೊದಲ ಯಂತ್ರ ಮಾಡಿದಾಗ ಕತ್ತರಿಯ ಉಪಾಯ ಹೂಡಿದ. ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿಯ ಯಂತ್ರದಿಂದ ಅವನಿಗೆ ಅದು ಹೊಳೆದಿತ್ತು: ಸುರುಳಿಯಾಗಿ ತಿರುಗುವ ಅಲಗುಗಳು, ಕೆಳಗೆ ಅಲುಗಾಡದ ಒಂದು ಪಟ್ಟಿ, ಎರಡರ ನಡುವೆ ಹುಲ್ಲು. ನನ್ನ ಬಳಿ ಇರುವಂಥ ಈಗಿನ ಮಷೀನಿನಲ್ಲಿ ಹಿಡಿಯುವ ಕೈಯೂ ಇಲ್ಲ, ಕೆಳಗಿನ ಪಟ್ಟಿಯೂ ಇಲ್ಲ. ಬರಿಯ ವೇಗ. ಹದಿನೆಂಟು ಇಂಚಿನ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಹುಲ್ಲಿಗೆ ಬಾಗಲು ಪುರುಸೊತ್ತೇ ಸಿಗುವುದಿಲ್ಲ.

ಇಷ್ಟು ವೇಗದ ಪದಾರ್ಥದ ಹತ್ತಿರ ಕೈ ಒಯ್ಯುವ ಮುನ್ನ ಪ್ಲಗ್ಗಿನ ವೈರು ಕಿತ್ತು ದೂರ ಮಡಚಿಡಬೇಕು. ಕರೆಂಟಿನ ಮಷೀನಾದರೆ ಪಿನ್ನೇ ಗೋಡೆಯಿಂದ ಹೊರಗಿರಬೇಕು. ಇದೊಂದರಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಮಗ್ಗುಲಾಗಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಬೇಕು, ಇಲ್ಲವಾದರೆ ಆಯಿಲು ಅದರೊಳಗೆ ಇಳಿಯುತ್ತದೆ. ಬ್ಲೇಡಿಗೂ ತಗಡಿನ ಕವಚಕ್ಕೂ ನಡುವೆ ಒಂದು ಕಟ್ಟಿಗೆ ತುಂಡು ಕೊಟ್ಟು ಬೋಲ್ಟು ಸಡಿಲಿಸಬೇಕು. ಹೆಗಲಿಗೆ ನೇತುಹಾಕಿಕೊಳ್ಳುವ ಬ್ರಷ್ ಕಟರ್ ಇದ್ದವರು ನೆನಪಿಡಬೇಕಾದ ಮಾತೊಂದಿದೆ: ಅವುಗಳಲ್ಲಿ ಸಾಮಾನ್ಯವಾಗಿ ನಟ್ಟಿನ ತಿರುಪು ಉಲ್ಟಾ. ಬಿಚ್ಚುತ್ತೇವೆಂದು ಎಷ್ಟು ಬಲ ಹಾಕುತ್ತೇವೋ ಅಷ್ಟು ಬಿಗಿಯಾಗುತ್ತದೆ.

ಬಿಚ್ಚಿದ ಬ್ಲೇಡಿನ ಮೇಲೆ ಹುಲ್ಲಿನ ರಸ ಒಣಗಿ ಕಪ್ಪು ಹಸಿರು ಸಿಪ್ಪೆ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆದರೆ ಒಳಗಿನ ಜಾಣತನ ಕಾಣಿಸುತ್ತದೆ. ಇಡೀ ಬ್ಲೇಡು ಕತ್ತರಿಸುವುದಿಲ್ಲ, ಎರಡು ತುದಿಗಳಲ್ಲಿ ನಾಲ್ಕಾರು ಬೆರಳಷ್ಟೇ ಬಾಯಿ. ಆ ಬಾಯಿಯ ಬೆನ್ನಿಗೆ, ಹಿಂದಿನ ಅಂಚು ಮೇಲಕ್ಕೆ ಬಾಗಿ ಸಣ್ಣ ರೆಕ್ಕೆಯಾಗಿರುತ್ತದೆ. ತಿರುಗುವಾಗ ಅದು ಗಾಳಿಯನ್ನು ಮೇಲಕ್ಕೆಳೆದು, ಮಲಗಿದ ಹುಲ್ಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಬಾಯಿ ಮಸೆಯುವಾಗ ಈ ರೆಕ್ಕೆಯ ತಂಟೆಗೆ ಹೋಗಬಾರದು.

ಗ್ರೈಂಡರ್ ಯಾಕೆ ಬೇಡ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಕಿಡಿ ಹಾರುವುದು ನೋಡಲು ಚೆಂದ, ಆದರೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಸುಮಾರು 300 ಡಿಗ್ರಿಗೆ ನೀಲಿಯಾಗುತ್ತದೆ. ಕಾರ್ಖಾನೆಯಲ್ಲಿ ಕೊಟ್ಟ ಹದ ಅಲ್ಲಿಂದ ಕೈತಪ್ಪುತ್ತದೆ, ಬಾಯಿ ಮೆತ್ತಗಾಗಿ ಬೇಗ ಮೊಂಡಾಗುತ್ತದೆ. ಅರದಲ್ಲಿ ಆ ಭಯವಿಲ್ಲ. ಬ್ಲೇಡಿನ ಉಕ್ಕನ್ನು ಬೇಕೆಂದೇ ಅರಕ್ಕಿಂತ ಮೆದುವಾಗಿ ಇಟ್ಟಿರುತ್ತಾರೆ, ಚಿರೆಕಲ್ಲಿನ ಚೂರಿಗೆ ಬಡಿದಾಗ ಅದು ಸಿಡಿದು ಯಾರ ಕಾಲಿಗೋ ಹಾರದೆ ನೆಗ್ಗಿ ಸುಮ್ಮನಾಗಲಿ ಎಂದು. ಈ ಸೀಮೆಯ ಅಂಗಳದಲ್ಲಿ ಚಿರೆಕಲ್ಲಿನ ಚೂರಿಗೇನು ಬರ!

ಅರ ಕೊಯ್ಯುವುದು ಮುಂದಕ್ಕೆ ಹೋಗುವಾಗ ಮಾತ್ರ. ವಾಪಸು ಬರುವಾಗ ಎತ್ತಿ ತರಬೇಕು, ಉಜ್ಜಿಕೊಂಡು ತಂದರೆ ಅದರ ಹಲ್ಲೇ ಸವೆಯುತ್ತದೆ. ಮೊದಲಿದ್ದ ಓರೆಯನ್ನೇ ಹಿಡಿದು, ಸುಮಾರು 30 ಡಿಗ್ರಿಯಲ್ಲಿ, ಮೈಯಿಂದ ಅಂಚಿನ ಕಡೆಗೆ ಅರವನ್ನು ಉದ್ದಕ್ಕೂ ದೂಡಬೇಕು. ಓರೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿಕೊಂಡರೆ ಎಲ್ಲಿ ಉಜ್ಜಿದ್ದೇವೆ, ಎಲ್ಲಿ ಬಿಟ್ಟಿದ್ದೇವೆ ಎಂದು ಮಸಿಯೇ ಹೇಳುತ್ತದೆ. ಮೊದಮೊದಲು ಅರ ಕರ್ ಕರ್ ಎಂದು ಒದರುತ್ತದೆ, ನೆಗ್ಗಿದ ಜಾಗದಲ್ಲಿ ಎಗರುತ್ತದೆ. ಓರೆ ಸಮ ಬರುತ್ತಿದ್ದಂತೆ ಸದ್ದು ತಗ್ಗುತ್ತ ಹೋಗಿ, ಒಂದು ಹಂತದಲ್ಲಿ ಬರೀ ಸುಂಯ್ ಎನ್ನುವ ಎಳೆತ ಉಳಿಯುತ್ತದೆ. ಆ ಹೊತ್ತಿಗೆ ಅಂಗೈಗೂ ಗೊತ್ತಾಗುತ್ತದೆ, ಲೋಹ ಎಲ್ಲ ಕಡೆ ಒಂದೇ ತೆರನಾಗಿ ಒಪ್ಪಿಕೊಳ್ಳುತ್ತಿದೆ ಎಂದು. ಇದಕ್ಕಾಗಿಯೇ ನಾನು ಅರ್ಧ ದಿನ ಕೊಡುವುದು. ಕೊನೆಗೆ ಅಡಿಯಲ್ಲಿ ಬೆರಳಿಗೆ ಗರಗರ ತಾಗುವ ತೆಳು ಅಂಚೊಂದು ಎದ್ದಿರುತ್ತದೆ, ಅರವನ್ನು ಮಟ್ಟಸವಾಗಿಟ್ಟು ಮೆಲ್ಲಗೆ ಸವರಿದರೆ ಬಿದ್ದುಹೋಗುತ್ತದೆ.

ಅಲ್ಲಿಗೆ ನಿಲ್ಲಿಸಬೇಕು. ಕಷ್ಟ ಇರುವುದು ಇಲ್ಲೇ. ಕೈ ಹದ ಹತ್ತಿದೆ, ಇನ್ನಷ್ಟು ಮಸೆದು ಕ್ಷೌರದ ಕತ್ತಿ ಮಾಡಿಬಿಡೋಣ ಅನ್ನಿಸುತ್ತದೆ. ಆದರೆ ಹುಲ್ಲಿನ ಬ್ಲೇಡಿಗೆ ಬೆಣ್ಣೆ ಸವರುವ ಚಾಕುವಿನಷ್ಟು ಹರಿತ ಸಾಕು. ಅದಕ್ಕಿಂತ ತೆಳುವಾದ ಬಾಯಿ ಮೊದಲ ಸುತ್ತಿನಲ್ಲೇ ಮಣ್ಣು ತಾಗಿ ಮಡಚಿಕೊಳ್ಳುತ್ತದೆ. ಹರಿತ ಹೆಚ್ಚಿದಷ್ಟೂ ಒಳ್ಳೆಯದು ಎಂದು ನಂಬಿದವರು ಹತ್ತಿರದಲ್ಲೇ ಸುತ್ತಾಡಿ ಬರಲಿ. ಹುಲ್ಲು ಕೊಯ್ದೇ ಬದುಕುವ ನಾಲ್ಕು ತಾಲ್ಲೂಕು ನಮ್ಮವು, ಒಂದೊಂದರ ಹುಲ್ಲಿಗೂ ಒಂದೊಂದು ಹರಿತ.

ದಾಂಡೇಲಿಯದನ್ನೇ ಮೊದಲು ಹೇಳುತ್ತೇನೆ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಶುರುವಿನಲ್ಲಿ ನೆಚ್ಚಿದ್ದು ಸುತ್ತಲ ಕಾಡಿನ ಬಿದಿರನ್ನು. ಬಿದಿರು ಹುಲ್ಲಿನ ಕುಲದ್ದೇ. ಕಾಗದದ ಗಿರಣಿಗಳಲ್ಲಿ ಬಿದಿರು, ಕಟ್ಟಿಗೆಯನ್ನು ಚಕ್ಕೆ ಮಾಡುವ ಚಿಪ್ಪರ್ ಇರುತ್ತದೆ, ಅದರ ದಪ್ಪ ಚಾಕುಗಳನ್ನು ಆಗಾಗ ಬಿಚ್ಚಿ, ನೀರು ಸುರಿಸುತ್ತ ಮಸೆದು ಮತ್ತೆ ಕೂರಿಸುತ್ತಾರೆ. ಹಳಿಯಾಳದ ಹುಲ್ಲು ಕಬ್ಬು. ಕಡಿಯುವ ಗ್ಯಾಂಗಿನವರ ಕೊಯ್ತಾದಲ್ಲಿ ಹರಿತಕ್ಕಿಂತ ಭಾರವೇ ಅರ್ಧ ಕೆಲಸ ಮಾಡುತ್ತದೆ, ಒಂದೇ ಏಟಿಗೆ ಬುಡ ಬಿಡಬೇಕು. ಮುಂಡಗೋಡಿನಲ್ಲಿ ಭತ್ತ, ಗೋವಿನಜೋಳ. 1966ರಲ್ಲಿ ನೆಲೆ ಕಂಡ ಟಿಬೆಟನ್ ಕಾಲೋನಿಯವರ ಹೊಲಗಳಲ್ಲೂ ಅವೇ. ಭತ್ತಕ್ಕೆ ಹಲ್ಲಿನ ಕುಡಗೋಲು, ಅದನ್ನು ಕಲ್ಲಿಗೆ ಮಸೆಯುವಂತಿಲ್ಲ, ಸವೆದರೆ ಕಂಬಾರ ಉಳಿ ಹೊಡೆದು ಹೊಸ ಹಲ್ಲು ಕೆತ್ತಬೇಕು. ಜೋಯಿಡಾದ ಕುಣಬಿ ಹಿರಿಯರ ಸೊಂಟದ ಹಿಂದಿನ ಕೊಕ್ಕೆಯಲ್ಲಿ ತೂಗುವ ಕತ್ತಿಯದು ಬೇರೆಯೇ ಸಂಗತಿ. ಗೆಡ್ಡೆಯ ಬಳ್ಳಿ ಸವರುವುದರಿಂದ ಬೇಲಿಯ ಗೂಟ ಚೂಪು ಮಾಡುವ ತನಕ ಎಲ್ಲ ಅದರಲ್ಲೇ ಆಗಬೇಕು. ಹಾಗಾಗಿ ತುದಿಯ ಕಡೆ ಒಂದು ಹರಿತ, ಹಿಡಿಯ ಕಡೆ ಇನ್ನೊಂದು.

ಇಷ್ಟು ಆಯುಧಗಳನ್ನು ಮೊಂಡು ಮಾಡುವ ಗುಟ್ಟೂ ಹುಲ್ಲಿನ ಒಳಗೇ ಇದೆ. ಬೇರು ನೀರಿನ ಜೊತೆ ಸಿಲಿಕಾ ಹೀರಿ ಎಲೆಯಲ್ಲಿ ಸಣ್ಣ ಕಣಗಳಾಗಿ ಕೂಡಿಡುತ್ತದೆ. ಗಾಜು ಮಾಡುವ ಉಸುಕಿನದೂ ಇದೇ ದ್ರವ್ಯ. ಬಿದಿರು, ಕಬ್ಬು, ಭತ್ತ ಎಲ್ಲದರಲ್ಲೂ ಉಂಟು. ಉಮಿಯ ಬೂದಿಯಲ್ಲಿ ತಿಕ್ಕಿದ ಪಾತ್ರೆ ಹೊಳೆಯುವುದು ಅದರಿಂದಲೇ, ಕಬ್ಬಿನ ಗರಿ ಕೈ ಕೊಯ್ಯುವುದರಲ್ಲೂ ಅದರ ಪಾಲಿದೆ. ಅಂಗಳದ ಗರಿಕೆಯಲ್ಲಿ ಅದರ ಜೊತೆ ಮಣ್ಣೂ ಸೇರುತ್ತದೆ. ಬ್ಲೇಡು ಹುಲ್ಲನ್ನು ತಿನ್ನುವಾಗ ಹುಲ್ಲೂ ಬ್ಲೇಡನ್ನು ತಿನ್ನುತ್ತಿರುತ್ತದೆ, ಲೆಕ್ಕ ಚುಕ್ತಾ.

ಮಸೆದಾದ ಮೇಲೆ ತೂಕ ನೋಡುವ ಕೆಲಸ ಬಾಕಿ. ಗೋಡೆಗೆ ಒಂದು ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಿ ಅಡ್ಡಕ್ಕೆ ಬಿಡಬೇಕು. ಭಾರದ ಕಡೆ ಇಳಿಯುತ್ತದೆ, ಆ ಕಡೆ ಇನ್ನೆರಡು ಸಲ ಅರ ಆಡಿಸಿ ಮತ್ತೆ ತೂಗಬೇಕು. ಇದನ್ನು ಬಿಟ್ಟರೆ ಮಷೀನು ನಡುಗಿ, ಬೇರಿಂಗು ಸವೆದು, ಹಿಡಿದ ಕೈಗಳು ರಾತ್ರಿಯವರೆಗೂ ಜುಮುಗುಡುತ್ತವೆ. ಮೊಳೆಯ ಮೇಲೆ ಬ್ಲೇಡು ಅತ್ತಿತ್ತ ತೂಗಿ ಅಡ್ಡಕ್ಕೆ ನಿಲ್ಲುವ ಗಳಿಗೆಯನ್ನು ನೋಡಲು ನಮ್ಮ ಓಣಿಯ ಹುಡುಗರು ಬರುವುದುಂಟು. ‘ಕಾಕಾ, ಈಗ ಎಡಕ್ಕ ಇಳೀತದ ನೋಡ್ರಿ’ ಎಂದು ಪಂದ್ಯ ಕಟ್ಟುತ್ತಾರೆ.

ಮಸೆಯುತ್ತ ಮಸೆಯುತ್ತ ಬ್ಲೇಡು ತೆಳ್ಳಗಾಗುತ್ತದೆ. ಅದಕ್ಕಿಂತ ಮೊದಲೇ, ಉಸುಕು ಬಡಿದು ರೆಕ್ಕೆಯ ಬುಡ ಸವೆದಿದ್ದರೆ ಮುಲಾಜಿಲ್ಲದೆ ತೆಗೆದುಹಾಕಬೇಕು, ಆ ವೇಗದಲ್ಲಿ ತುಂಡು ಕಿತ್ತು ಹಾರಿದರೆ ತಡೆಯುವವರಿಲ್ಲ. ಖಂಡೇ ಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಹಳೆಯ ಬ್ಲೇಡೊಂದನ್ನು ಹೀಗೆ ತೆಗೆದು, ಹಳಿಯಾಳ ಕಡೆ ಹೋದಾಗ ಒಬ್ಬ ಕಂಬಾರರಿಗೆ ಕೊಟ್ಟೆ. ಅವರ ಕುಲುಮೆಯ ಹತ್ತಿರ ಲಾರಿಯ ಹಳೇ ಪಾಟಾಗಳ ರಾಶಿ ಬಿದ್ದಿತ್ತು, ಕತ್ತಿ ಕೊಡಲಿಗಳೆಲ್ಲ ಅದರಿಂದಲೇ. ಬ್ಲೇಡನ್ನು ಕಲ್ಲಿಗೆ ಬಡಿದು ಸದ್ದು ಕೇಳಿದರು, ಕಾಯಿಸಿದರು, ಮಾತಾಡುತ್ತಲೇ ಬಡಿದು ಎರಡು ಕುರ್ಪಿ ಮಾಡಿ ಒಂದನ್ನು ನನ್ನ ಕೈಗಿಟ್ಟರು.

‘ಕಬ್ಬಿಣ ಚಲೋ ಐತ್ರಿ’ ಅಂದರು, ‘ಇಂಥದ್ದ ಇನ್ನೊಂದಿದ್ದರ ತರ್ರಿ. ಆದರ ಅಷ್ಟೊಂದ ಉಜ್ಜಬ್ಯಾಡ್ರಿ, ನನಗೂ ಒಂಚೂರ ಉಳಸ್ರಿ.’